ಒಂದೇ ಉಸಿರಿನಲ್ಲಿ ಹೇಳಿದ ಮೂರು ಮಾತು

ಶಿರಸಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ಅಡಿಕೆ ವ್ಯಾಪಾರಿಯೊಬ್ಬರಿಗೆ ಗಾಲಿಕುರ್ಚಿಯಿಂದ ಏಳುವುದನ್ನು ಕಲಿಸುವಾಗ ದೊಡ್ಡ ತಪ್ಪೊಂದನ್ನು ಮಾಡಿದೆ. “ಬ್ರೇಕ್ ಹಾಕಿ, ಪಾದ ಹಿಂದಕ್ಕೆಳೆದುಕೊಳ್ಳಿ, ಮುಂದಕ್ಕೆ ಬಾಗಿ ಎದ್ದು ನಿಲ್ಲಿ” ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ. ಅವರು ಕೊನೆಯದನ್ನು ಮಾತ್ರ ಮಾಡುತ್ತಿದ್ದರು. ಎರಡನೆಯ ದಿನ ಬ್ರೇಕ್ ಹಾಕದ ಕುರ್ಚಿ ಹಿಂದಕ್ಕೆ ಜಾರಿತು. ಸೊಂಟಕ್ಕೆ ಕಟ್ಟಿದ್ದ ಬೆಲ್ಟನ್ನು ನಾನು ಹಿಡಿದಿದ್ದರಿಂದ ಅವರು ಬೀಳಲಿಲ್ಲ. ಆದರೆ ಅದಕ್ಕೂ ಮೊದಲೇ ಅವರ ಸೊಸೆಯ ಬಳಿ “ಮಾವನವರು ಗಮನ ಕೊಡುತ್ತಿಲ್ಲ” ಎಂದು ದೂರಿದ್ದೆ. ಆ ಮಾತು ಇಂದಿಗೂ ನನ್ನನ್ನು ನೋಯಿಸುತ್ತದೆ.

“ಒಂದೊಂದೇ ಹೇಳು ತಂಗಿ, ಒಟ್ಟಿಗೆ ಹೇಳಿರೆ ಮೊದಲಿಂದು ಹೋಗ್ತು” ಎಂದು ಅವರೇ ಹೇಳಿದ ಮೇಲೆ ನಾನು ವಾಕ್ ಚಿಕಿತ್ಸಕಿಯನ್ನು ಕರೆದೆ. ಆಕೆ ಪರೀಕ್ಷಿಸಿದಾಗ, ಕೇಳಿದ ಅಂಕೆಗಳಲ್ಲಿ ಎರಡನ್ನಷ್ಟೇ ಆ ವ್ಯಾಪಾರಿ ಮರಳಿ ಹೇಳಬಲ್ಲವರಾಗಿದ್ದರು. ಮೇಜಿನ ಮೇಲಿನ ಮರದ ತುಂಡುಗಳನ್ನು ಮುಟ್ಟಿ ತೋರಿಸಿದಾಗ ಮಾತ್ರ, ಐದನ್ನು ಅದೇ ಕ್ರಮದಲ್ಲಿ, ಹಿಮ್ಮುಖವಾಗಿಯೂ, ಮುಟ್ಟಿದರು. ಚಾಲಿ, ರಾಶಿ, ಕೆಂಪುಗೋಟು ಎಂಬ ಅಡಿಕೆ ಬಗೆಗಳ ಹಳೆಯ ದರಗಳೂ ಅವರ ನೆನಪಿನಲ್ಲಿದ್ದವು. ಆದ್ದರಿಂದ ಇದನ್ನು ಸಾಮಾನ್ಯ ಮರೆವು ಎನ್ನುವಂತಿರಲಿಲ್ಲ.

ಕೆಲಸಕ್ಕೆ ಬೇಕಾದುದನ್ನು ಕೆಲವೇ ಕ್ಷಣ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಕಾರ್ಯಕಾರಿ ಸ್ಮೃತಿಗೆ ಮಿದುಳಿನಲ್ಲಿ ಒಂದೇ ಮನೆಯಿಲ್ಲ. ಕೇಳಿದ ಮಾತಿನ ಧ್ವನಿಯನ್ನು ಹಿಡಿದಿಡುವಲ್ಲಿ ಮಿದುಳಿನ ಮೇಲ್ಭಾಗದ ಹಿಂಬದಿಯಲ್ಲಿರುವ ಎಡ ಪೆರೈಟಲ್ ಹಾಲೆಯ ಕೆಳಭಾಗಕ್ಕೂ ಅದಕ್ಕೆ ಹೊಂದಿಕೊಂಡ, ಕಿವಿಯ ಬಳಿಯ ಟೆಂಪೊರಲ್ ಭಾಗಕ್ಕೂ ಪಾತ್ರವಿದೆ. ಅದನ್ನು ಒಳಗೊಳಗೇ ಪುನರುಚ್ಚರಿಸಿ ಮಾಸದಂತೆ ಕಾಯುವಲ್ಲಿ ಮಾತನ್ನು ಹೊರಡಿಸುವ ಬ್ರೋಕಾ ಪ್ರದೇಶ ನೆರವಾಗುತ್ತದೆ. ಕಂಡ ಸ್ಥಾನಗಳನ್ನು ಹಿಡಿದಿಡುವಾಗ ಬಲ ಪೆರೈಟಲ್ ಭಾಗದ ಪಾಲು ಹೆಚ್ಚು. ಹಿಡಿದಿಟ್ಟುದನ್ನು ಕ್ರಮ ಬದಲಿಸಿ ಬಳಸಲು, ಅಡ್ಡ ಬರುವುದನ್ನು ಬದಿಗಿಡಲು ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್ ಬೇಕು. ಪ್ರಯೋಗದಲ್ಲಿ ತೋರಿಸಿದ ಗುರುತು ಕಣ್ಮರೆಯಾದ ಮೇಲೂ, ಉತ್ತರಿಸುವ ಸರದಿ ಬರುವವರೆಗೆ, ಅಲ್ಲಿನ ನರಕೋಶಗಳು ಮಿಡಿಯುತ್ತಲೇ ಇರುವುದನ್ನು 1971ರಲ್ಲಿ ಮಂಗಗಳಲ್ಲಿ ದಾಖಲಿಸಲಾಯಿತು. ಹಳೆಯ ನೆನಪುಗಳ ದಾರಿ ಬೇರೆಯೇ.

ನಮ್ಮ ರೋಗಿಯ ಸ್ಕ್ಯಾನಿನಲ್ಲಿ ಹಾನಿಯಿದ್ದುದು ಎಡ ಪೆರೈಟಲ್ ಹಾಲೆಯ ಕೆಳಭಾಗದಲ್ಲಿ. ವರದಿ ಮೊದಲ ದಿನದಿಂದಲೂ ನನ್ನ ಕಡತದಲ್ಲಿತ್ತು. ನಾನು ಅದರಲ್ಲಿ ಬಲಗಾಲಿನ ನಿಶ್ಶಕ್ತಿಗೆ ಕಾರಣವನ್ನಷ್ಟೇ ಹುಡುಕಿದ್ದೆ. ನರಮನೋವಿಜ್ಞಾನಿಗಳಾದ ಎಲಿಜಬೆತ್ ವಾರಿಂಗ್ಟನ್ ಮತ್ತು ಟಿಮ್ ಶಾಲಿಸ್ 1969ರಲ್ಲಿ ವರ್ಣಿಸಿದ ಕೆ.ಎಫ್. ಎಂಬ ರೋಗಿಗೂ ಎಡ ಮಿದುಳಿನ ಹಿಂಭಾಗದಲ್ಲೇ ಗಾಯವಾಗಿತ್ತು. ಆತನಿಗೆ ಕೇಳಿದ ಒಂದೆರಡು ಅಂಕೆಗಳಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ, ಆದರೆ ದೀರ್ಘಕಾಲದ ಕಲಿಕೆ ಚೆನ್ನಾಗಿತ್ತು. ಓದುವಾಗ ಕಲಿತಿದ್ದ ಈ ಸಂಗತಿ, ಎದುರಿಗೆ ಕುಳಿತವರನ್ನು ನೋಡುವಾಗ ನನಗೆ ಹೊಳೆಯಲಿಲ್ಲ.

ಮರುದಿನ ಬ್ರೇಕ್, ಪಾದ, ಬಾಗಿದ ಬೆನ್ನು ಎಂಬ ಮೂರು ಚಿತ್ರಗಳನ್ನು ಬರೆದು ಕುರ್ಚಿಯ ಕೈಗೆ ಅಂಟಿಸಿದೆ. ಕೇಳಿದ ಮಾತು, ಬೇಡವೆಂದರೂ, ಮಾತನ್ನು ಹಿಡಿದಿಡುವ ಆ ಸಣ್ಣ ಜಾಗದೊಳಗೆ ನುಗ್ಗುವುದರಿಂದ ವಾರ್ಡಿನ ಟಿ.ವಿ.ಯನ್ನು ಆರಿಸಿ, ಮನೆಯವರಲ್ಲಿ ಒಬ್ಬರೇ ಮಾತನಾಡುವಂತೆ ಕೇಳಿಕೊಂಡೆ. ಅವರು ಚಿತ್ರಗಳ ಮೇಲೆ ಬೆರಳಿಟ್ಟುಕೊಂಡು, ನಾನು ಏನೂ ಹೇಳದೆಯೇ, ಮೂರನ್ನೂ ಮಾಡಿ ಎದ್ದು ನಿಂತರು. ಆಮೇಲೆ ನಾನು ಸೊಸೆಯನ್ನು ಹೊರಗೆ ಕರೆದು, ಅಂದಿನ ನನ್ನ ಮಾತು ತಪ್ಪಾಗಿತ್ತೆಂದು ತಿಳಿಸಿದೆ. ಊರಿಗೆ ಹೊರಡುವ ದಿನ ಆಕೆ ಬಚ್ಚಲಿಗೂ ಜಗಲಿಯ ಮೆಟ್ಟಿಲಿಗೂ ಅಂಥದೇ ಚೀಟಿಗಳನ್ನು ನನ್ನಿಂದ ಬರೆಸಿಕೊಂಡು ಹೋದಳು.