ಹುಳಕ್ಕೆ ರೂಢಿಯಾಗಿದೆ ಅಂದುಬಿಟ್ಟೆ

ಬೀಜದ ಕಂಪನಿಯ ಫೀಲ್ಡ್ ಕೆಲಸ ಅಂದ್ರೆ ಇಷ್ಟೇ: ಜೂನ್‌ನಲ್ಲಿ ನಾವು ಊರಿನ ಅಳಿಯ, ನವೆಂಬರ್‌ನಲ್ಲಿ ಊರಿನ ಕಳ್ಳ. ರಾಯಚೂರು ಕಡೆ ಹತ್ತಿ ಬೀಜ ಮಾರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಿಡದೊಳಗೇ ಹುಳ ಕೊಲ್ಲುವ ವಿಷ ಇರುವ ಬಿಟಿ ಹತ್ತಿಯ ಎರಡನೇ ಪೀಳಿಗೆ, ಅಂದರೆ ಬಿಜಿ-2, ಕೈಕೊಡಲು ಶುರುವಾದ ಮೇಲಂತೂ ದೀಪಾವಳಿ ಮುಗಿದರೆ ಸಾಕು, ಊರೊಳಗೆ ಬೈಕ್ ತಿರುಗಿಸಲು ಧೈರ್ಯ ಬೇಕಿತ್ತು.

ಅಂಥ ಒಂದು ನವೆಂಬರ್‌ನಲ್ಲಿ ಮಾನ್ವಿ ಕಡೆಯ ಹಳ್ಳಿಯಲ್ಲಿ ರೈತರ ಸಭೆ ಇಟ್ಟರು. ಹೊಲದಲ್ಲಿ ಹುಳ ಬಿದ್ದಿದೆ, ಈಗ ಬೇಡ ಅಂದೆ. ನನ್ನ ಮೇಲಿನ ಟಿಎಂ (ಟೆರಿಟರಿ ಮ್ಯಾನೇಜರ್) ಕೇಳಲಿಲ್ಲ. ಸೀಸನ್ ಪ್ಲಾನ್‌ನಲ್ಲಿ 'ಫಾರ್ಮರ್ ಮೀಟ್' ಅಂತ ಒಂದು ಖಾನೆ ಇದೆ. ಅದು ತುಂಬಬೇಕು, ಫೋಟೋ ಗ್ರೂಪಿಗೆ ಹೋಗಬೇಕು. ಸರಿ, ಗುಡಿ ಕಟ್ಟೆಗೆ ಫ್ಲೆಕ್ಸ್ ಕಟ್ಟಿದೆವು. ಡೀಲರ್ ಚಹಾ ತರಿಸಿದ.

ಭಾಷಣಕ್ಕೆ ಮೊದಲೇ ಒಬ್ಬ ಅಜ್ಜ ಎದ್ದು ಬಂದು, ಟವೆಲ್ ಬಿಚ್ಚಿ ಮೇಜಿನ ಮೇಲೆ ಕಾಯಿ ಸುರಿದರು. ಹಸಿರಾದ, ಗುಂಡಗಿನ, ಹೊರಗೆ ಏನೂ ಊನವಿಲ್ಲದ ಕಾಯಿ. ಗುಲಾಬಿ ಕಾಯಿಕೊರಕದ ಮೋಸವೇ ಇದು. ಮರಿ ಕೂದಲೆಳೆಯಷ್ಟಿರುವಾಗಲೇ ಎಳೆ ಕಾಯಿಯೊಳಗೆ ಹೊಕ್ಕುಬಿಡುತ್ತದೆ. ಕಾಯಿ ಬಲಿಯುತ್ತಾ ಆ ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಜ್ಜ ಹೆಬ್ಬೆರಳಿನಿಂದ ಒಂದನ್ನು ಒಡೆದರು. ಒಳಗೆ ಅರಳೆ ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಬೀಜ ಒಂದಕ್ಕೊಂದು ಅಂಟಿಕೊಂಡಿದ್ದವು. ಪಕ್ಕದಲ್ಲೇ ಗುಲಾಬಿ ಪಟ್ಟೆಯ ಹುಳ. ಬೆಳಕು ಬಿದ್ದದ್ದೇ ತಡ, ನುಲಿಯತೊಡಗಿತು.

"ಬಿಟಿ ಅಂದಿದ್ರೆಲ್ರಿ ಸಾಹೇಬ್ರ, ಇದೇನ್ರಿ ಮತ್ತ?"

ಟಿಎಂ "ಈ ಸಲ ಹವಾಮಾನ..." ಅಂತ ಶುರುಮಾಡಿದರು. ಆ ಮಾತು ಅಲ್ಲಿ ನಡೆಯುವುದಿಲ್ಲ ಅಂತ ನನಗೆ ಗೊತ್ತಿತ್ತು. ನಡುವೆ ಬಾಯಿ ಹಾಕಿ, "ವಿಷ ತಿಂದೂ ತಿಂದೂ ಹುಳಕ್ಕೆ ರೂಢಿಯಾಗಿದೆ ಅಜ್ಜಾರೆ" ಅಂದೆ. ಎಲ್ಲರೂ ತಲೆಯಾಡಿಸಿದರು. ಬಚಾವಾದೆ ಅಂದುಕೊಂಡೆ.

"ಹಂಗಾದ್ರ ಡೋಸ್ ಏರಿಸ್ರಿ ಸರ್" ಅಂದ ಒಬ್ಬ ಹುಡುಗ. "ರೂಢಿ ಆದವ್ಗ ಕ್ವಾರ್ಟರ್ ಸಾಲಲ್ಲ, ಹಾಫ್ ಬೇಕು."

ಕಟ್ಟೆಯೆಲ್ಲ ನಕ್ಕಿತು. ಅಜ್ಜ ನಗಲಿಲ್ಲ. "ಎರಡ್ ವರ್ಷ ಹತ್ತಿ ಬಿಟ್ರ ರೂಢಿ ತಪ್ತೈತೇನ್ರಿ?" ಅಂದರು. ನಾನು ಏನೋ ಗೊಣಗಿದೆ. ಆಗ ಹಿಂದೆ ನಿಂತಿದ್ದ ಹೆಣ್ಣುಮಗಳೊಬ್ಬರು ಕೇಳಿದರು: "ದೊಡ್ಡ ಪಾಕೀಟಿನ ಜೋಡಿ ಸಣ್ಣದೊಂದು ಕೊಡ್ತೀರಲ್ರಿ, ಹೊಲದ ಸುತ್ತ ಬಿತ್ರಿ ಅಂತ. ಅದ್ರಾಗ ವಿಷ ಇಲ್ಲ. ಅಲ್ಲಿ ಹುಳಕ್ಕ ಊಟ ಹಾಕಿ ನಾವ್ಯಾಕ ಸಾಕಬೇಕು?"

ಟಿಎಂ ಮೊಬೈಲ್ ನೋಡತೊಡಗಿದರು. ಡೀಲರ್ ಲೋಟ ಎಣಿಸತೊಡಗಿದ. ನಾನು ಕೈಯಲ್ಲಿದ್ದ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ನಿಂತೆ, ಉತ್ತರ ಅದರ ಮೇಲೆ ಬರೆದಿದೆಯೇನೋ ಅನ್ನೋ ಹಾಗೆ. ಕೊನೆಗೆ ಬಾಯಿಗೆ ಬಂದದ್ದು, "ಸರ್ಕಾರದ ನಿಯಮ ಅಮ್ಮಾ." ಸಭೆ ಅಲ್ಲಿಗೇ ಮುಗಿಯಿತು. ಚಹಾ ಮಾತ್ರ ಎಲ್ಲರೂ ಕುಡಿದರು.

ಅವರ ಲೆಕ್ಕ ಸರಿಯಾಗೇ ಇತ್ತು. ಹುಳ ವಿಷಕ್ಕೆ ರೂಢಿಯಾಗುವುದು ನಿಜವಾದರೆ ಆ 120 ಗ್ರಾಂ ಪಾಕೀಟು ಶುದ್ಧ ದಂಡ. ಆದರೆ ಯಾವ ಹುಳವೂ ರೂಢಿ ಮಾಡಿಕೊಳ್ಳುವುದಿಲ್ಲ. ಬಿಎಸ್ಸಿ ಅಗ್ರಿಯಲ್ಲಿ ಡಾರ್ವಿನ್, 1859, ನೈಸರ್ಗಿಕ ಆಯ್ಕೆ ಅಂತ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡವನು ನಾನು. ಹೊಲದಲ್ಲಿ ಅದು ನೆನಪಾಗಲೇ ಇಲ್ಲ.

ಬಿಟಿ ವಿಷ ಕೆಲಸ ಮಾಡಬೇಕಾದರೆ ಹುಳದ ಕರುಳಿನ ಗೋಡೆಗೆ ಅಂಟಬೇಕು. ಕೋಟಿಗಟ್ಟಲೆ ಹುಳಗಳಲ್ಲಿ ಎಲ್ಲೋ ಕೆಲವಕ್ಕೆ ಆ ಅಂಟುವ ಜಾಗ ಹುಟ್ಟಿನಿಂದಲೇ ಸ್ವಲ್ಪ ಬೇರೆ. ವಿಷ ಬಂದಿದ್ದಕ್ಕೆ ಬೇರೆಯಾದದ್ದಲ್ಲ, ಸುಮ್ನೆ ಹಾಗೆ. 2002ರಲ್ಲಿ ಬಿಟಿ ಬೀಜ ಬರುವವರೆಗೆ ಅದರಿಂದ ಲಾಭವೂ ಇರಲಿಲ್ಲ. ಆಮೇಲೆ ಲಕ್ಷಾಂತರ ಎಕರೆಯಲ್ಲಿ ಅದೇ ವಿಷ. ಉಳಿದವೆಲ್ಲ ರೆಕ್ಕೆ ಬರುವ ಮೊದಲೇ ಸತ್ತವು. ಬದುಕಿದವು ಬದುಕಿದವುಗಳ ಜೊತೆಗೇ ಕೂಡಿದವು, ಮಕ್ಕಳಿಗೂ ಅದೇ ಕರುಳು ಬಂತು. ಪ್ರತಿ ಹುಳವೂ ಹುಟ್ಟಿದ ಹಾಗೇ ಸಾಯುತ್ತದೆ. ಹೊಲದಲ್ಲಿ ಯಾವ ಥರದವು ಎಷ್ಟಿವೆ ಅನ್ನೋದಷ್ಟೇ ವರ್ಷದಿಂದ ವರ್ಷಕ್ಕೆ ಬದಲಾಗುವುದು. ಹೀಗಿರುವಾಗ, ವಿಷ ಅಂಟದ ಕರುಳಿಗೆ ಕ್ವಾರ್ಟರ್ ಆದರೇನು, ಫುಲ್ ಆದರೇನು?

ಈಗ ಆ ಸಣ್ಣ ಪಾಕೀಟು. ವಿಷ ತಡೆಯುವ ಗುಣ ತಾಯಿ ತಂದೆ ಇಬ್ಬರಿಂದಲೂ ಬಂದರೇ ಹುಳ ಗಟ್ಟಿ. ಒಬ್ಬರಿಂದ ಮಾತ್ರ ಬಂದರೆ ಬಿಟಿ ಗಿಡದ ಮೇಲೆ ಸಾಮಾನ್ಯವಾಗಿ ಸಾಯುತ್ತದೆ. ಸುತ್ತಲ ಐದು ಸಾಲಿನಲ್ಲಿ ಸಾದಾ ಹುಳ ರಾಶಿ ರಾಶಿ ಬೆಳೆದರೆ, ಬಿಟಿ ಹೊಲದಿಂದ ಹೊರಬಂದ ಒಂದೆರಡು ಗಟ್ಟಿ ಪತಂಗಕ್ಕೆ ಜೋಡಿ ಸಿಗುವುದು ಅವುಗಳಲ್ಲೇ. ಮಕ್ಕಳು ಮತ್ತೆ ಸಾಯುವಂಥವು. ಆ ಹೆಣ್ಣುಮಗಳು ಕೇಳಿದ್ದಕ್ಕೆ ಉತ್ತರ ಇಷ್ಟೇ ಇತ್ತು. ಸಾಕಬೇಕಾದದ್ದು ಇದಕ್ಕೇ.

ಸಾಕ್ಷಿಯೂ ಅದೇ ಹೊಲದಲ್ಲಿತ್ತು. ಹಸಿರು ಕಾಯಿಕೊರಕಕ್ಕೂ ನಾವು ಕೊಟ್ಟದ್ದು ಅದೇ ವಿಷ. ಅದು ಇವತ್ತಿಗೂ ಬಿಟಿ ಹತ್ತಿಯಲ್ಲಿ ಅಷ್ಟಾಗಿ ಏಳುತ್ತಿಲ್ಲ. ಯಾಕೆ? ಅದು ತೊಗರಿ ತಿನ್ನುತ್ತದೆ, ಕಡಲೆ ತಿನ್ನುತ್ತದೆ, ಟೊಮೇಟೊ ತಿನ್ನುತ್ತದೆ. ವಿಷ ಇಲ್ಲದ ಊಟ ಊರೆಲ್ಲ ಸಿಗುವುದರಿಂದ ಸಾದಾ ಹುಳ ಯಾವಾಗಲೂ ಇದ್ದೇ ಇರುತ್ತವೆ. ಗುಲಾಬಿ ಹುಳಕ್ಕೆ ಹೆಚ್ಚುಕಮ್ಮಿ ಹತ್ತಿಯೇ ಗತಿ. ಊರೆಲ್ಲ ಬಿಟಿ ಹತ್ತಿ ಅಂದ ಮೇಲೆ ಗಟ್ಟಿಯವೇ ಉಳಿಯದೆ ಇನ್ನೇನು?

ರೈತರನ್ನು ಬೈಯೋದು ಸುಲಭ. ಸಣ್ಣ ಪಾಕೀಟನ್ನು ಬದುವಿಗೆ ಎಸೆದರು ಅಂತ ನಮ್ಮ ರಿಪೋರ್ಟ್‌ಗಳೆಲ್ಲ ಹೇಳುತ್ತವೆ. ಎಷ್ಟೋ ಪಾಕೀಟಿನ ಬೀಜ ಮೊಳೆಯುತ್ತಲೇ ಇರಲಿಲ್ಲ, ಅದನ್ನು ಯಾರೂ ಬರೆಯುವುದಿಲ್ಲ. ಇನ್ನೊಂದು ಎಡವಟ್ಟು ನಮ್ಮ ಹೈಬ್ರಿಡ್‌ನಲ್ಲೇ ಇದೆ. ರೈತ ಬಿತ್ತುವ ಬೀಜದಲ್ಲಿ ಬಿಟಿ ಜೀನ್ ಒಂದೇ ಕಡೆಯಿಂದ ಬಂದಿರುತ್ತದೆ. ಹಾಗಾಗಿ ಆ ಗಿಡದ ಕಾಯಿಯಲ್ಲಿ, ಒಂದು ಜೀನಿನ ಲೆಕ್ಕದಲ್ಲಿ, ಸುಮಾರು ನಾಲ್ಕಕ್ಕೊಂದು ಬೀಜದಲ್ಲಿ ವಿಷವೇ ಇಲ್ಲ. ಗುಲಾಬಿ ಹುಳ ತಿನ್ನುವುದು ಬೀಜವನ್ನೇ. ಒಂದೇ ಕಾಯಿಯಲ್ಲಿ ವಿಷ ಇರುವುದು, ಇಲ್ಲದ್ದು ಎರಡೂ ಸಿಕ್ಕರೆ, ಸಾಯಬೇಕಾದ ಅರೆಗಟ್ಟಿ ಹುಳವೂ ಬದುಕಿಕೊಳ್ಳುತ್ತದೆ. ಅಮೆರಿಕದ ಅರಿಜೋನಾದಲ್ಲಿ ಬಿತ್ತಿದ್ದು ಹೈಬ್ರಿಡ್ ಅಲ್ಲ, ಎಲ್ಲ ಬೀಜದಲ್ಲೂ ಬಿಟಿ ಜೀನ್ ಇರುವ ಶುದ್ಧ ತಳಿ. ಅಲ್ಲಿ ಸಾದಾ ಹತ್ತಿಯನ್ನೂ ಸರಿಯಾಗಿ ಬಿತ್ತಿದರು. ಗಟ್ಟಿ ಹುಳ ಕೂಡಿದರೂ ಮರಿಯಾಗದಿರಲಿ ಅಂತ 2006ರಿಂದ ಬಂಜೆ ಪತಂಗಗಳನ್ನು ವಿಮಾನದಿಂದ ಬಿಟ್ಟರು. 2018ರಲ್ಲಿ ಅಮೆರಿಕದ ಹತ್ತಿ ಸೀಮೆಯಲ್ಲಿ ಗುಲಾಬಿ ಹುಳ ನಿರ್ನಾಮವಾಯಿತು ಅಂತ ಘೋಷಿಸಿದರು. ಇಲ್ಲಿ ಬೀಜ ಬಂದ ಎಂಟೇ ವರ್ಷಕ್ಕೆ, 2010ರಲ್ಲಿ, ಗುಜರಾತಿನ ಹುಳ ಮೊದಲ ಜೀನನ್ನು ಜಯಿಸಿದೆ ಅಂತ ಒಪ್ಪಿಕೊಳ್ಳಬೇಕಾಯಿತು. ಎರಡು ಜೀನಿನ ಬಿಜಿ-2 ಅಷ್ಟರಲ್ಲಿ ಒಂದೇ ಕಾಲಿನ ಮೇಲೆ ನಿಂತಿತ್ತು.

ಅಜ್ಜನ ಮಾತಿಗೆ ಬರುತ್ತೇನೆ. ಎರಡು ವರ್ಷ ಬಿಟ್ಟರೂ ಹುಳ ಏನನ್ನೂ ಮರೆಯುವುದಿಲ್ಲ, ಮರೆಯಲು ಅದು ಏನೂ ಕಲಿತಿಲ್ಲ. ಆದರೆ ಹತ್ತಿ ಬಿಟ್ಟರೆ ಅದಕ್ಕೆ ಊಟವಿಲ್ಲ. ಅವರ ಕಾರಣ ತಪ್ಪು, ಉಪಾಯ ಸರಿ. ಇಡೀ ಸೀಮೆ ಒಟ್ಟಿಗೆ ಡಿಸೆಂಬರ್‌ಗೆ ಹತ್ತಿ ಕಟ್ಟಿಗೆ ಕಿತ್ತರೆ ಅರ್ಧ ಕೆಲಸ ಆಯಿತು. ರೇಟು ಚೆನ್ನಾಗಿದ್ದರೆ ಮಾರ್ಚ್‌ವರೆಗೂ ನೀರು ಕಟ್ಟುತ್ತಾರೆ, ಬೇಡ ಅನ್ನಲು ಯಾರಿಗೆ ಬಾಯಿದೆ?

ಈಗ ಬಿಟಿ ಅಲ್ಲದ ಬೀಜವನ್ನು ಒಳಗೇ ಬೆರೆಸಿ 475 ಗ್ರಾಂ ಪಾಕೀಟು ಮಾಡಿದ್ದಾರೆ. ಎಸೆಯಲು ಬರುವುದಿಲ್ಲ. ಒಳ್ಳೆಯದೇ. ಗಟ್ಟಿ ಹುಳ ಅಪರೂಪವಾಗಿದ್ದಾಗ ಮಾಡಬೇಕಿದ್ದ ಕೆಲಸ, ಅಷ್ಟೇ. ಸಭೆಗಳಲ್ಲಿ ನಾನೀಗ ಹೆಣ್ಣಿನ ವಾಸನೆ ತೋರಿಸಿ ಗಂಡು ಪತಂಗ ಹಿಡಿಯುವ ಮೋಹಕ ಬಲೆ ಮುಂದಿಟ್ಟುಕೊಂಡು ಮಾತಾಡುತ್ತೇನೆ. ಮೂರು ರಾತ್ರಿ ಸತತವಾಗಿ ಎಂಟೆಂಟು ಪತಂಗ ಬಿದ್ದರೆ ಔಷಧ ಹೊಡೀರಿ, ಅದಕ್ಕೆ ಮೊದಲು ಬೇಡ ಅಂತ. ಕಂಪನಿಯ ಸ್ಲೈಡಿನಲ್ಲಿ ಮಾತ್ರ ಹುಳಕ್ಕೆ ಪೈಲ್ವಾನನ ತೋಳು ಬರೆದು 'ಹುಳ ವಿಷಕ್ಕೆ ಒಗ್ಗಿಕೊಂಡಿದೆ' ಅಂತ ಇನ್ನೂ ಇದೆ. ತೆಗೀರಿ ಅಂದೆ. ಡಿಸೈನ್ ಹೆಡ್ ಆಫೀಸಿನಲ್ಲಿ ಅಪ್ರೂವ್ ಆಗಿದೆ, ಮುಟ್ಟಬೇಡಿ ಅಂದರು.