ಸರಾಸರಿಯಲ್ಲಿ ಕಳೆದುಹೋದದ್ದು

"ಗಲೀಜಾಗಿ ಕಾಣ್ತಿತ್ತು ಮೇಡಂ. ಅದಕ್ಕೆ ಎರಡನ್ನೂ ಸೇರಿಸಿ ಸರಾಸರಿ ತೆಗೆದುಬಿಟ್ಟೆ."

ಮಂಗಳವಾರ ಸಂಜೆ ಲ್ಯಾಬಿನಲ್ಲಿ ಹುಡುಗ ಹೇಳಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಅವನ ಗ್ರಾಫಿನಲ್ಲಿ ಒಂದೇ ಒಂದು ಗೆರೆ. ಎಷ್ಟು ಚೆಂದದ ಗೆರೆ! ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟವಾಯಿತು.

ನಾವು ಅಳೆಯುತ್ತಿದ್ದದ್ದು ಎಳ್ಳುಕಾಳಿನಷ್ಟು ದೊಡ್ಡ ಹರಳು. ಯಿಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ಸೂಪರ್ ಕಂಡಕ್ಟರ್, ಅಂದರೆ ತಣ್ಣಗಾದಾಗ ಕರೆಂಟನ್ನು ತಡೆಯಿಲ್ಲದೆ ಹರಿಯಬಿಡುವ ವಸ್ತು. ಅದನ್ನು ತೆಳು ತಂತಿಗೆ ತೂಗುಹಾಕಿ, 77 ಕೆಲ್ವಿನ್‌ನ ದ್ರವ ಸಾರಜನಕದಲ್ಲಿ ತಣ್ಣಗೆ ಇಟ್ಟು, ಸುತ್ತಲಿನ ಅಯಸ್ಕಾಂತವನ್ನು ನಿಧಾನವಾಗಿ ತಿರುಗಿಸಬೇಕು. ಕಾಂತಕ್ಷೇತ್ರ ಹರಳಿನೊಳಗೆ ಸಣ್ಣ ಸಣ್ಣ ಸುಳಿಗಳಾಗಿ, ಎಳೆ ಎಳೆಯಾಗಿ ನುಗ್ಗುತ್ತದೆ. ಭೌತವಿಜ್ಞಾನಿ ಅಬ್ರಿಕೊಸೊವ್ 1957ರಲ್ಲೇ ಲೆಕ್ಕ ಹಾಕಿ ಹೇಳಿದ್ದ ಸುಳಿಗಳು ಇವು. ಅಯಸ್ಕಾಂತ ತಿರುಗಿದರೆ ಅವೂ ಜೊತೆಗೆ ತಿರುಗಲು ನೋಡುತ್ತವೆ. ಆದರೆ ಹರಳಿನ ಕೊರತೆಗಳು, ಅಂದರೆ ಆಮ್ಲಜನಕ ಇಲ್ಲದ ಜಾಗ, ಬೇರೆ ವಸ್ತುವಿನ ಚೂರು, ಅವನ್ನು ಹಿಡಿದುಕೊಳ್ಳುತ್ತವೆ. ಆಗ ಹರಳೇ ಅಯಸ್ಕಾಂತದ ಹಿಂದೆ ಎಳೆದಂತಾಗಿ ತಂತಿ ತಿರುಚಿಕೊಳ್ಳುತ್ತದೆ. ವಾಪಸ್ ತಿರುಗಿಸಿದರೆ ಎಳೆತ ಇನ್ನೊಂದು ಕಡೆಗೆ.

ಹಾಗಾಗಿ ತಂತಿಯ ತಿರುಚನ್ನು ಗ್ರಾಫಿಗೆ ಹಾಕಿದರೆ, ಅಯಸ್ಕಾಂತ ಹೋಗುವಾಗ ಒಂದು ಗೆರೆ, ಬರುವಾಗ ಇನ್ನೊಂದು. ಸರಾಸರಿಗೂ ಅದರದ್ದೇ ಬೆಲೆ ಇದೆ, ಇಲ್ಲ ಅನ್ನಲ್ಲ. ಆದರೆ ಹರಳು ಸುಳಿಗಳನ್ನು ಎಷ್ಟು ಬಲವಾಗಿ ಹಿಡಿದಿದೆ ಅನ್ನುವುದು ಇರುವುದು ಎರಡು ಗೆರೆಗಳ ನಡುವಿನ ಅಂತರದಲ್ಲಿ. ಅದರ ಅರ್ಧವೇ ನಮಗೆ ಬೇಕಾಗಿದ್ದ ಟಾರ್ಕ್, ಅಂದರೆ ತಿರುಚುವ ಬಲ. ಹುಡುಗ ಅದನ್ನೇ ಒರೆಸಿಹಾಕಿದ್ದ.

ಗಲೀಜಾಗಿ ಕಾಣ್ತಿತ್ತು ಮೇಡಂ.

ಅವನ ಮೇಲೆ ನನಗೆ ಸಿಟ್ಟಿಲ್ಲ. ತುಂಬಾ ಶ್ರದ್ಧೆಯ ಹುಡುಗ. ಬಿ.ಎಸ್ಸಿ.ಯ ಯಂಗ್ಸ್ ಮಾಡ್ಯುಲಸ್ ಪ್ರಯೋಗ, ತೂಕಕ್ಕೆ ಲೋಹ ಎಷ್ಟು ಮಣಿಯುತ್ತದೆ ಅಂತ ಅಳೆಯುವುದು, ನೆನಪಿದೆ ಅಲ್ವಾ? ತೂಕ ಹಾಕುತ್ತಾ ಒಂದು ರೀಡಿಂಗ್, ತೆಗೆಯುತ್ತಾ ಒಂದು ರೀಡಿಂಗ್, ಕೊನೆಯ ಕಾಲಂ 'ಮೀನ್', ಅಂದರೆ ಸರಾಸರಿ. ಎರಡೂ ಹೊಂದದಿದ್ದರೆ ಮಾರ್ಕ್ಸ್ ಕಟ್. ನಾನೂ ಕಟ್ ಮಾಡಿದ್ದೇನೆ. ಯಾಕೆ ಹೊಂದಲಿಲ್ಲ ಅಂತ ಒಬ್ಬರನ್ನೂ ಕೇಳಿದವಳಲ್ಲ. ರೀಡಿಂಗನ್ನು ಕದ್ದು ತಿದ್ದಿಕೊಂಡು ಬಂದವರಿಗೆ ಪೂರ್ತಿ ಮಾರ್ಕ್ಸ್ ಹೋಗಿರುತ್ತದೆ, ನಿಜವಾಗಿ ಕಂಡದ್ದನ್ನು ಬರೆದವರಿಗೆ ಕಡಿಮೆ. ಮೂರು ದಿನದಿಂದ ನನ್ನನ್ನು ಕೊರೆಯುತ್ತಿರುವುದು ಇದೇ.

ಕೊರತೆಯೇ ಇಲ್ಲದ ಹರಳಾದರೆ ಸುಳಿಗಳು ಸುಮ್ನೆ ಜಾರಿಹೋಗುತ್ತವೆ. ಜಾರಿದರೆ ಕರೆಂಟು ಬಿಸಿಯಾಗಿ ಸೋರುತ್ತದೆ. ಜಾಸ್ತಿ ಕರೆಂಟು ಹೊರುವ ತಂತಿ ಬೇಕಾದರೆ ಬೇಕಂತಲೇ ಕೊರತೆ ಸೇರಿಸುತ್ತಾರೆ. ಇದನ್ನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ.

ನಿನ್ನೆ ಮತ್ತೆ ಅಳೆದೆವು. ತಂತಿಗೆ ಅಂಟಿಸಿದ ಪುಟ್ಟ ಕನ್ನಡಿಯಿಂದ ಬೆಳಕಿನ ಚುಕ್ಕೆ ಸ್ಕೇಲಿನ ಮೇಲೆ ಬೀಳುತ್ತದೆ. ಅಯಸ್ಕಾಂತ 60 ಡಿಗ್ರಿ ಕೋನದಲ್ಲಿದ್ದಾಗ, ಹೋಗುವಾಗ ಚುಕ್ಕೆ 31 ಮಿಲಿಮೀಟರ್‌ನಲ್ಲಿ. ವಾಪಸ್ ಬರುವಾಗ ಅದೇ 60ರಲ್ಲಿ 12. ಹುಡುಗ ಉಸಿರು ಬಿಗಿಹಿಡಿದು ಚುಕ್ಕೆಯನ್ನೇ ನೋಡುತ್ತಿದ್ದ.

"ಇಷ್ಟೊಂದಾ ಮೇಡಂ?"

"ಇಷ್ಟೊಂದು. ಬರ್ಕೊಳ್ಳಪ್ಪ."

ಎರಡು ಕಾಲಂಗಳಲ್ಲೂ ಬರೆದ. ಅಭ್ಯಾಸಬಲದಿಂದ ಎಳೆದಿದ್ದ ಮೂರನೇ ಕಾಲಂನಲ್ಲಿ 'ಮೀನ್' ಅಂತಿದ್ದದ್ದನ್ನು ಹೊಡೆದುಹಾಕಿ, 'ವ್ಯತ್ಯಾಸ' ಅಂತ ಬರೆದು, ಕೆಳಗೆ 19 ಹಾಕಿದ.