ಜಾಲಾಡಿ: ಕೋಡ್ ಹುಡುಕುವ ನನ್ನ ಟೂಲ್ ಎಲ್ಲಿಗೆ ಬಂತು

ಇಂಡೆಕ್ಸ್ (ಯಾವುದು ಯಾವ ಫೈಲಿನಲ್ಲಿದೆ ಎಂಬ ಪಟ್ಟಿ) ಬರೆಯುವ ಭಾಗ ಮುಗಿದಿದೆ. ಅದನ್ನು ಓದಿ ಉತ್ತರ ಕೊಡುವ ಭಾಗವೂ ಓಡುತ್ತಿದೆ. ‘ಜಾಲಾಡಿ’ಯನ್ನು ಈಗ ನಾನು ದಿನವೂ ಬಳಸುತ್ತಿದ್ದೇನೆ, ತುಂಬಾ ಖುಷಿಯಾಗಿದೆ.

ಮೊದಲ ಸಲ ಓದುವವರಿಗೆ ಚಿಕ್ಕ ಪರಿಚಯ. ವರ್ಷಗಳಿಂದ ಸೇರಿಕೊಂಡ ಪ್ರಾಜೆಕ್ಟುಗಳು, ಕ್ಲೋನ್ ಮಾಡಿಟ್ಟ ರೆಪೊಗಳು, ಅರ್ಧಕ್ಕೆ ನಿಂತ ಪ್ರಯೋಗಗಳು ಎಲ್ಲ ಒಂದೇ ಡಿಸ್ಕಿನಲ್ಲಿವೆ. ಅಷ್ಟನ್ನೂ ಒಟ್ಟಿಗೆ ಹುಡುಕಬೇಕು, ಅದೂ ಪದದ ಮಾದರಿಯನ್ನು ಹೇಳುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಕೊಟ್ಟು. ಒಂದೇ ಪ್ರಾಜೆಕ್ಟಿನೊಳಗೆ ಹುಡುಕುವುದಾದರೆ, ಈಗಾಗಲೇ ಇರುವ ಟೂಲ್ ರಿಪ್‌ಗ್ರೆಪ್ ಸಾಕು. ಗಿಟ್‌ಇಗ್ನೋರ್ (ಗಿಟ್ ಎಂಬ ಕೋಡ್ ಆವೃತ್ತಿ ಟೂಲ್ ಬಿಡಬೇಕಾದ ಫೈಲುಗಳ ಪಟ್ಟಿ) ನೋಡಿ ಬೇಡದ ಫೈಲುಗಳನ್ನು ತಾನೇ ಬಿಟ್ಟುಬಿಡುತ್ತದೆ, ವೇಗವೂ ಚೆನ್ನಾಗಿದೆ. ಆದರೆ ಪ್ರತಿ ಸಲವೂ ಎಲ್ಲ ಫೈಲುಗಳನ್ನು ಓದಲೇಬೇಕು. ಫೈಲುಗಳ ರಾಶಿ ದೊಡ್ಡದಾದಷ್ಟೂ ಕಾಯುವುದು ಜಾಸ್ತಿ.

ನಾನು ಹಿಡಿದಿರುವ ದಾರಿ ಟ್ರೈಗ್ರಾಮ್ (ಮೂರು ಅಕ್ಷರಗಳ ತುಂಡು) ಇಂಡೆಕ್ಸಿನದು. 2006ರಲ್ಲಿ ಶುರುವಾದ ಗೂಗಲ್ ಕೋಡ್ ಸರ್ಚ್ ಇದರ ಮೇಲೇ ನಿಂತಿತ್ತು. ಆ ಸೇವೆ ನಿಂತುಹೋದಾಗ, 2012ರ ಜನವರಿಯಲ್ಲಿ, ಅದನ್ನು ಕಟ್ಟಿದ ರಸ್ ಕಾಕ್ಸ್ ಒಳಗಿನ ತಂತ್ರವನ್ನು ವಿವರವಾಗಿ ಬರೆದರು. ಗೋ ಭಾಷೆಯಲ್ಲಿ ಒಂದು ಪುಟ್ಟ ಟೂಲನ್ನೂ ಬಿಟ್ಟರು. ಕೋಡ್ ಹುಡುಕಾಟದಲ್ಲಿ ಆಸಕ್ತಿ ಇರುವವರು ಆ ಬರಹವನ್ನು ಓದಲೇಬೇಕು. ಅಷ್ಟು ಸ್ಪಷ್ಟವಾದ ವಿವರಣೆ ಅಪರೂಪ.

ತಂತ್ರ ಸರಳ. ಪ್ರತಿ ಫೈಲಿನಲ್ಲಿ ಒಂದರ ಪಕ್ಕ ಒಂದು ಬರುವ ಮೂರು ಮೂರು ಅಕ್ಷರಗಳ ತುಂಡುಗಳನ್ನು ತೆಗೆಯುವುದು. ಯಾವ ತುಂಡು ಯಾವ ಫೈಲುಗಳಲ್ಲಿದೆ ಎಂದು ಪಟ್ಟಿ ಮಾಡಿಡುವುದು. ಇಂಗ್ಲಿಷಿನ ‘ಬಫರ್’ (buffer) ಪದದಲ್ಲಿ ಆರು ಅಕ್ಷರ, ಅಂದರೆ ನಾಲ್ಕು ಟ್ರೈಗ್ರಾಮ್. ಆ ನಾಲ್ಕೂ ಇರುವ ಫೈಲುಗಳಲ್ಲಿ ಮಾತ್ರ ಪದ ಇರಲು ಸಾಧ್ಯ. ಪಟ್ಟಿಗಳನ್ನು ಒಂದಕ್ಕೊಂದು ತಾಳೆ ಹಾಕಿದರೆ ಕೆಲವೇ ಫೈಲುಗಳು ಉಳಿಯುತ್ತವೆ. ಅವನ್ನು ತೆರೆದು ನಿಜವಾದ ಹುಡುಕಾಟ ನಡೆಸಿದರೆ ಆಯಿತು.

ಇಡೀ ಟೂಲನ್ನು ನಾನು ಒಂದೇ ನಿಯಮದ ಮೇಲೆ ಕಟ್ಟುತ್ತಿದ್ದೇನೆ. ಇಂಡೆಕ್ಸ್ ಒಂದಷ್ಟು ಬೇಡದ ಫೈಲುಗಳನ್ನು ಕೊಟ್ಟರೆ ಪರವಾಗಿಲ್ಲ, ಬೇಕಾದ ಒಂದು ಫೈಲನ್ನೂ ಬಿಡಬಾರದು. ಬೇಡದ್ದು ಬಂದರೆ ಚೂರು ಸಮಯ ಹೋಗುತ್ತದೆ, ಅಷ್ಟೇ. ಬೇಕಾದದ್ದು ತಪ್ಪಿಹೋದರೆ? ಈ ಫಂಕ್ಷನನ್ನು ಯಾರೂ ಕರೆಯುತ್ತಿಲ್ಲ ಎಂದು ನಂಬಿ ಅಳಿಸಿಬಿಡುತ್ತೇವೆ. ‘ಸಿಗಲಿಲ್ಲ’ ಎಂಬ ಉತ್ತರವನ್ನು ಪೂರ್ತಿ ನಂಬುವಂತಿರಬೇಕು, ಅಲ್ವಾ?

ಪಟ್ಟಿಗಳನ್ನು ಕುಗ್ಗಿಸುವ ಕೆಲಸ ಸಲೀಸಾಗಿ ಮುಗಿಯಿತು. ಫೈಲ್ ನಂಬರುಗಳನ್ನು ನೇರವಾಗಿ ಬರೆಯುವ ಬದಲು ಹಿಂದಿನದಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸ ಬರೆಯುತ್ತೇನೆ. 1200, 1203, 1210 ಎಂದಿದ್ದರೆ 1200, 3, 7. 128ಕ್ಕಿಂತ ಚಿಕ್ಕ ವ್ಯತ್ಯಾಸಕ್ಕೆ ಒಂದೇ ಬೈಟ್ ಸಾಕು. ರಸ್ ಕಾಕ್ಸ್ ಕೊಟ್ಟ ಉದಾಹರಣೆಯಲ್ಲಿ 420 ಎಂಬಿಯ ಲಿನಕ್ಸ್ ಕರ್ನಲ್ ಸೋರ್ಸಿಗೆ 77 ಎಂಬಿಯ ಇಂಡೆಕ್ಸ್ ಆಗಿತ್ತು. ಝೋಯೆಕ್ಟ್ ಎಂಬ ಟೂಲ್ ಪ್ರತಿ ಟ್ರೈಗ್ರಾಮ್ ಫೈಲಿನೊಳಗೆ ಎಲ್ಲೆಲ್ಲಿದೆ ಎಂಬುದನ್ನೂ ಇಡುತ್ತದೆ. ಆಗ ಇನ್ನೂ ಕಡಿಮೆ ಫೈಲುಗಳನ್ನು ತೆರೆದರೆ ಸಾಕು, ಆದರೆ ಇಂಡೆಕ್ಸ್ ಬಹಳ ದೊಡ್ಡದಾಗುತ್ತದೆ. ನನ್ನ ಬಳಕೆಗೆ ಅದು ಬೇಡ ಅನಿಸಿತು.

ಜಾಸ್ತಿ ತಲೆಕೆಡಿಸಿಕೊಂಡದ್ದು ಕನ್ನಡದ ಕಾಮೆಂಟುಗಳ ವಿಷಯದಲ್ಲಿ. ಪಠ್ಯವನ್ನು ಬೈಟುಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೆ (ಯೂನಿಕೋಡ್ ಒಂದು ಅಕ್ಷರಕ್ಕೋ ಚಿಹ್ನೆಗೋ ಕೊಟ್ಟ ನಂಬರ್) ಮೂರು ಬೈಟ್ ಬೇಕು. ಅದರಲ್ಲಿ ಮೊದಲ ಬೈಟ್ ಎಲ್ಲಕ್ಕೂ ಒಂದೇ. ಎರಡನೆಯದರಲ್ಲಿ ಇರುವುದು ಎರಡೇ ಬಗೆ. ಬೈಟುಗಳ ಲೆಕ್ಕದಲ್ಲಿ ಟ್ರೈಗ್ರಾಮ್ ತೆಗೆದರೆ ಅದರಿಂದ ತಿಳಿಯುವುದು ಒಂದೇ ಒಂದು ಅಕ್ಷರ ಅಥವಾ ಒಂದು ಮಾತ್ರೆ (ಸ್ವರಚಿಹ್ನೆ). ನಾಲ್ಕು ಸಾಲು ಕನ್ನಡ ಇರುವ ಯಾವ ಫೈಲಿನಲ್ಲೂ ‘ಕ’, ‘ತ’, ‘ರ’ ಇದ್ದೇ ಇರುತ್ತವೆ. ಹಾಗಾಗಿ ಕನ್ನಡ ಪದ ಹುಡುಕಿದರೆ ಕನ್ನಡ ಇರುವ ಹೆಚ್ಚುಕಡಿಮೆ ಎಲ್ಲ ಫೈಲುಗಳೂ ಪಟ್ಟಿಗೆ ಬಂದುಬಿಡುತ್ತವೆ. ಉತ್ತರ ತಪ್ಪಾಗುವುದಿಲ್ಲ, ಆದರೆ ಇಂಡೆಕ್ಸಿನಿಂದ ಏನೂ ಲಾಭವಿಲ್ಲ.

ಆದ್ದರಿಂದ ಜಾಲಾಡಿ ಬೈಟುಗಳ ಬದಲು ಕೋಡ್‌ಪಾಯಿಂಟುಗಳನ್ನು ಎಣಿಸುತ್ತದೆ. ಒಂದು ಕೋಡ್‌ಪಾಯಿಂಟಿಗೆ 21 ಬಿಟ್, ಮೂರಕ್ಕೆ 63. ಒಂದು 64 ಬಿಟ್ ಸಂಖ್ಯೆಯಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಇದು ನನಗೆ ತುಂಬಾ ಇಷ್ಟವಾದ ಭಾಗ.

ಅಲ್ಲಿಗೂ ಮುಗಿಯಲಿಲ್ಲ. ‘ಕೊ’ ಬರೆಯಲು ಯೂನಿಕೋಡಿನಲ್ಲಿ ಎರಡು ದಾರಿಗಳಿವೆ. ‘ಒ’ಕಾರದ ಮಾತ್ರೆಯನ್ನು ಒಂದೇ ಕೋಡ್‌ಪಾಯಿಂಟಾಗಿ ಇಡಬಹುದು. ಇಲ್ಲವೇ ‘ಎ’ಕಾರದ ಮಾತ್ರೆ ಮತ್ತು ‘ಊ’ಕಾರದ ಮಾತ್ರೆ ಎಂದು ಬಿಡಿಸಿ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಪ್ರೋಗ್ರಾಮಿಗೆ ಬೇರೆ ಬೇರೆ. ‘ರಿಪ್‌ಗ್ರೆಪ್’ ಥರದ ಪದಗಳ ಒಳಗೆ, ಒತ್ತಕ್ಷರ ಕೂಡದಂತೆ ತಡೆಯಲು ಕಾಣದೆ ಕೂತಿರುವ ಝಡ್‌ಡಬ್ಲ್ಯುಎನ್‌ಜೆ ಕೂಡ ಹೀಗೇ. ನಿಯಮ ಮುರಿಯುವುದು ಇಂಥ ಕಡೆಯೇ: ಪದ ಫೈಲಿನಲ್ಲಿದೆ, ಆದರೂ ಸಿಗುವುದಿಲ್ಲ. ಹಾಗಾಗಿ ಎಲ್ಲವನ್ನೂ ಎನ್‌ಎಫ್‌ಸಿ (ಬಿಡಿಸಿದ್ದನ್ನು ಒಂದೇ ಕೋಡ್‌ಪಾಯಿಂಟಾಗಿ ಕೂಡಿಸುವ) ರೂಪಕ್ಕೆ ತಂದು, ಝಡ್‌ಡಬ್ಲ್ಯುಎನ್‌ಜೆ ತೆಗೆದು ಹಾಕುತ್ತೇನೆ. ಇಂಡೆಕ್ಸ್ ಮಾಡುವಾಗ, ಹುಡುಕುವ ಪದಕ್ಕೆ, ಕೊನೆಗೆ ಫೈಲ್ ತೆರೆದು ನೋಡುವಾಗ, ಮೂರೂ ಕಡೆ ಒಂದೇ ಥರ. ಸಾಲಿನ ನಂಬರ್ ಬದಲಾಗುವುದಿಲ್ಲ. ಸಾಲಿನೊಳಗಿನ ಜಾಗ ಮಾತ್ರ ಸರಿಯುವುದರಿಂದ ಮೂಲ ಜಾಗಕ್ಕೆ ಮರಳಿ ಹೊಂದಿಸಲು ಒಂದು ಸಣ್ಣ ಟೇಬಲ್ ಇಟ್ಟಿದ್ದೇನೆ.

ಬಿಟ್ಟ ಫೈಲುಗಳ ಬಗ್ಗೆಯೂ ಒಂದು ಮಾತು. ಬೈನರಿ ಫೈಲನ್ನು ಗಿಟ್ ಪತ್ತೆ ಮಾಡುವ ರೀತಿಯನ್ನೇ ತಂದಿದ್ದೇನೆ: ಮೊದಲ 8000 ಬೈಟುಗಳಲ್ಲಿ ಸೊನ್ನೆ ಬೈಟ್ ಇದ್ದರೆ ಅದು ಪಠ್ಯವಲ್ಲ. ಒಂದೇ ಸಾಲಿಗೆ ಒತ್ತಿಟ್ಟ ಜಾವಾಸ್ಕ್ರಿಪ್ಟ್ ಫೈಲುಗಳನ್ನೂ ಬಿಡುತ್ತೇನೆ. ಆದರೆ ಸುಮ್ನೆ ಬಿಡುವುದಿಲ್ಲ. ಬಿಟ್ಟ ಪ್ರತಿ ಫೈಲಿನ ಹೆಸರು, ಕಾರಣ ಎರಡೂ ಇಂಡೆಕ್ಸಿನಲ್ಲಿರುತ್ತವೆ. ಏನೂ ಸಿಗದಿದ್ದಾಗ ಎಷ್ಟು ಫೈಲುಗಳನ್ನು ನೋಡಿಲ್ಲ ಎಂದು ಕೆಳಗೆ ತೋರಿಸುತ್ತದೆ.

ಒಂದೇ ಲೈಬ್ರರಿಯ ನಕಲುಗಳು ಹಲವು ಪ್ರಾಜೆಕ್ಟುಗಳಲ್ಲಿವೆ. ಫೈಲಿನ ಒಳಗಿರುವುದರ ಹ್ಯಾಶ್ (ಅದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ತೆಗೆದು, ಒಂದೇ ಹ್ಯಾಶ್ ಬಂದರೆ ಒಂದೇ ಸಲ ಇಂಡೆಕ್ಸ್ ಮಾಡಿ, ಎಲ್ಲ ಪಾತ್‌ಗಳನ್ನೂ ಅದಕ್ಕೇ ಕಟ್ಟುತ್ತೇನೆ. ಫಲಿತಾಂಶದಲ್ಲಿ ಅದೇ ಸಾಲು ಮತ್ತೆ ಮತ್ತೆ ಬಂದು ಪರದೆ ತುಂಬುವುದೂ ನಿಂತಿತು.

ಬದಲಾದ ಫೈಲುಗಳನ್ನು ಕಂಡುಹಿಡಿಯಲು ಐನೋಟಿಫೈ (ಫೈಲ್ ಬದಲಾದಾಗ ತಿಳಿಸುವ ಲಿನಕ್ಸ್ ಸೌಲಭ್ಯ) ಬಳಸುವ ಯೋಚನೆ ಬಿಟ್ಟೆ. ಅದು ಒಳಗಿನ ಫೋಲ್ಡರುಗಳಿಗೆ ತಾನಾಗಿ ಇಳಿಯುವುದಿಲ್ಲ. ಪ್ರತಿ ಫೋಲ್ಡರಿಗೂ ಬೇರೆ ಕಾವಲು ಇಡಬೇಕು, ಅದಕ್ಕೂ ಒಂದು ಮಿತಿ ಇದೆ. ಈಗ ಫೈಲಿನ ಗಾತ್ರ ಮತ್ತು ಬದಲಾದ ಸಮಯ ನೋಡುತ್ತೇನೆ. ಇದರಲ್ಲೂ ಒಂದು ಸಂದಿ ಇದೆ. ಇಂಡೆಕ್ಸ್ ಬರೆದ ಕ್ಷಣದಲ್ಲೇ ಫೈಲ್ ಬದಲಾಗಿ, ಗಾತ್ರ ಅಷ್ಟೇ ಉಳಿದರೆ ಬದಲಾವಣೆ ಕಾಣುವುದಿಲ್ಲ. ಗಿಟ್‌ಗೂ ಇದೇ ತೊಡಕು ಇತ್ತು. ಸಮಯ ಇಂಡೆಕ್ಸಿನದಕ್ಕೆ ಸಮವಾಗಿದ್ದರೆ ಅಥವಾ ನಂತರದ್ದಾಗಿದ್ದರೆ ಫೈಲನ್ನು ತೆರೆದೇ ಹೋಲಿಸುವುದು ಅದರ ಪರಿಹಾರ. ನಾನೂ ಹಾಗೇ ಮಾಡಿದ್ದೇನೆ.

ಮುಂದಿನ ಕೆಲಸ ದೊಡ್ಡಕ್ಷರ, ಚಿಕ್ಕಕ್ಷರ ಭೇದವಿಲ್ಲದ ಹುಡುಕಾಟ. ಎಲ್ಲವನ್ನೂ ಚಿಕ್ಕಕ್ಷರ ಮಾಡಿ ಇಂಡೆಕ್ಸ್ ಮಾಡಿದರೆ ಸಾಕು ಅನಿಸಬಹುದು. ಆದರೆ ಯೂನಿಕೋಡಿನಲ್ಲಿ ಹಳೆಯ ಉದ್ದ ‘ಎಸ್’ (ſ) ಎಂದೇ ಬೇರೆ ಕೋಡ್‌ಪಾಯಿಂಟ್ ಇದೆ. ಈ ಹುಡುಕಾಟದಲ್ಲಿ ಅದೂ ಮಾಮೂಲಿ ‘ಎಸ್’ ಅಕ್ಷರಕ್ಕೇ ಸಮ. ಬರೀ ಆಸ್ಕಿ (ಮಾಮೂಲಿ ಇಂಗ್ಲಿಷ್) ಅಕ್ಷರಗಳನ್ನು ನೋಡಿದರೆ ಇಂಥವು ತಪ್ಪಿಹೋಗುತ್ತವೆ, ಹಾಗಾಗಿ ಯೂನಿಕೋಡಿನ ಪೂರ್ತಿ ಪಟ್ಟಿಯನ್ನೇ ತರುತ್ತಿದ್ದೇನೆ. ಅದಾದ ಮೇಲೆ ಕೋಡಿನಲ್ಲಿ ಹೆಸರುಗಳು ಡಿಫೈನ್ ಆದ ಜಾಗಗಳನ್ನು ಪಟ್ಟಿ ಮಾಡುವ ಯೂನಿವರ್ಸಲ್ ಸಿಟ್ಯಾಗ್ಸ್ ಜೋಡಿಸುವುದು. ಒಂದು ಹೆಸರು ಹುಡುಕಿದಾಗ ಅದನ್ನು ಎಲ್ಲಿ ಡಿಫೈನ್ ಮಾಡಿದೆಯೋ ಆ ಸಾಲು ಎಲ್ಲಕ್ಕಿಂತ ಮೇಲೆ ಬರಬೇಕು.